ನಿಮಾಹಾ ಅತ್ತೆಯ ನಾಲಿಗೆ

ನನ್ನ ಸೋದರತ್ತೆಯನ್ನು ನಮ್ಮ ಅಜ್ಜ ಹೊಳೆಯ ಜೊಂಡಿನೊಳಗಿಂದ ಎತ್ತಿಕೊಂಡು ಬಂದದ್ದು. ಅವಳು ಹುಟ್ಟಿದ್ದು ಚೀನೀಯರ ಮನೆಯಲ್ಲಿ, ಫುಶುನ್ ಕೋಟೆಯ ಹೊರಗಿನ ಒಂದು ಹಳ್ಳಿಯಲ್ಲಿ. ಹಳೆಯ ಖಾನರ ಕಾಲದಲ್ಲಿ ಆ ಕೋಟೆ ಮಂಚುಗಳಾದ ನಮ್ಮವರ ಕೈಗೆ ಬಿದ್ದಾಗ ಅವಳಿಗೆ ಒಂಬತ್ತು ವರ್ಷ. ಹಳ್ಳಿ ಉರಿಯುತ್ತಿತ್ತು. ಅಜ್ಜನ ಬೇಟೆನಾಯಿ ಅವಳನ್ನು ನೀರಿನಲ್ಲಿ ಪತ್ತೆ ಹಚ್ಚಿತಂತೆ. ಕೂದಲು ಹಿಡಿದು ಮೇಲೆತ್ತಿದ ಅಜ್ಜನ ಹೆಬ್ಬೆರಳನ್ನು ಅವಳು ರಕ್ತ ಬರುವಂತೆ ಕಚ್ಚಿದಳು. ಅಜ್ಜ ಬೈಯಲಿಲ್ಲ, ನಕ್ಕುಬಿಟ್ಟ. "ಮೀನು ಹಿಡಿಯೋಕೆ ಹೋದ್ರೆ ಹಲ್ಲಿರೋ ಮೀನೇ ಸಿಕ್ತಲ್ಲ" ಎಂದ. ಅಂದಿನಿಂದ ಅವಳ ಹೆಸರು ನಿಮಾಹಾ, ನಮ್ಮ ಮಾತಿನಲ್ಲಿ ಮೀನು. ಅದಕ್ಕೂ ಮುಂಚಿನ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ. ಅಪ್ಪ ಅಮ್ಮ ಏನಾದರೆಂಬುದನ್ನೂ ಹೇಳಲಿಲ್ಲ.

ಅವಳು ಮನೆಗೆ ಬಂದದ್ದು ಸೆರೆಯಾಳಾಗಿ. ಆದರೆ ಆ ವರ್ಷವೇ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಸಿಡುಬಿನಿಂದ ತೀರಿಹೋಗಿದ್ದಳು. ಅಜ್ಜಿ ಚಳಿಗಾಲವೆಲ್ಲ ಈ ಹುಡುಗಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಿಮ ಕರಗುವ ಹೊತ್ತಿಗೆ ಒಂದು ದಿನ ಸೂಜಿ ಕಾಯಿಸಿ ಹಿಡಿದುಕೊಂಡು ಬಂದು, ಅವಳನ್ನು ಕೆಳಗೆ ಬೆಂಕಿ ಉರಿಸಿ ಬೆಚ್ಚಗಿಡುವ ಒಳಮನೆಯ ಜಗಲಿಯ ಮೇಲೆ ಕೂರಿಸಿ, ಒಂದೊಂದು ಕಿವಿಗೂ ಮೂರು ಮೂರು ತೂತು ಚುಚ್ಚಿದಳು. ಮೂರು ತೂತು ನಮ್ಮ ಜನರ ಹೆಣ್ಣುಮಕ್ಕಳಿಗೆ ಮಾತ್ರ. ಅಂದಿನಿಂದ ಅವಳು ಆ ಮನೆಯ ಮಗಳು. ನನ್ನ ಅಪ್ಪ ನದಂಜುಗೆ ಆಗ ಹದಿನೈದು. ಅವನು ಹುಟ್ಟಿದಾಗ ಅವನ ತಾತನಿಗೆ ಎಪ್ಪತ್ತು ತುಂಬಿತ್ತು ಅಂತ ಅವನಿಗೆ ಇಟ್ಟ ಹೆಸರೇ ನದಂಜು, ಅಂದರೆ ಎಪ್ಪತ್ತು. "ಮನೇಲಿ ಒಬ್ಬ ಎಪ್ಪತ್ತು, ಒಂದು ಮೀನು. ಇನ್ನೊಂದು ತಕ್ಕಡಿ ತಂದ್ರೆ ಅಂಗಡೀನೇ ಇಡಬಹುದು" ಎಂದು ನೆರೆಯವರು ತಮಾಷೆ ಮಾಡುತ್ತಿದ್ದರಂತೆ.

ಅಪ್ಪನಿಗೆ ಆ ತಂಗಿಯೆಂದರೆ ಪ್ರಾಣ. ಕುದುರೆ ಹತ್ತಲು ಕಲಿಸಿದವನು ಅವನೇ, ಬಿಲ್ಲಿಗೆ ಹೆದೆ ಏರಿಸಲು ಕಲಿಸಿದವನೂ ಅವನೇ. ಮಂಗೋಲ್ ಮಾತನ್ನು ಅವಳು ಕಲಿತದ್ದು ನಮ್ಮ ಹಟ್ಟಿಯಲ್ಲಿ, ಹಾಲು ಕರೆಯುತ್ತಾ. ಕಲಿಸಿದವಳು ಒಲ್ಜೈ. ಅವಳೂ ಅವಳ ಗಂಡ ಚಿಲಾಗುವೂ ಹುಲ್ಲುಗಾವಲಿನ ಯಾವುದೋ ಕಾಳಗದಲ್ಲಿ ಸೆರೆಸಿಕ್ಕು ನಮ್ಮ ಮನೆಯ ಆಳುಗಳಾಗಿದ್ದವರು. ಒಲ್ಜೈಗೆ ಮಾತು ಹೆಚ್ಚು, ಹಾಡು ಇನ್ನೂ ಹೆಚ್ಚು. ನಮ್ಮ ಮಾತು ಕೇಳಿದರೆ ತಿಳಿಯುವುದು, ನೆಟ್ಟಗೆ ಆಡಲು ಬಾರದು. ಹಸುವಿಗೆ ಹೇಳುವುದನ್ನೆಲ್ಲ ನಿಮಾಹಾಗೂ ಹೇಳುತ್ತಿದ್ದಳು. ಹದಿನೆಂಟು ತುಂಬುವ ಹೊತ್ತಿಗೆ ಅತ್ತೆ ಮೂರು ಭಾಷೆಯಲ್ಲೂ ಜಗಳವಾಡಬಲ್ಲವಳಾಗಿದ್ದಳು.

ಅವಳಿಗೆ ಮದುವೆಯೂ ಆಯಿತು, ಒಬ್ಬ ಬಿಲ್ಲುಗಾರನ ಜೊತೆ. ಮೂರು ವರ್ಷಕ್ಕೆ ಸಿಡುಬು ಅವನನ್ನೂ ಒಯ್ದಿತು. ಮಕ್ಕಳಿರಲಿಲ್ಲ. ಅಪ್ಪನೇ ಹೋಗಿ ತಂಗಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ತವರಿಗೆ ಕರೆತಂದ.

ಅಷ್ಟರಲ್ಲಿ ಹಾಂಗ್ ತೈಜಿಯವರು ಖಾನರಾಗಿದ್ದರು. ನಾವಿದ್ದ ರಾಜಧಾನಿ ಮುಕ್ಡೆನ್ ಪೇಟೆಯಲ್ಲಿ ದಿನಕ್ಕೊಂದು ಹೊಸ ಜನ. ಸೋತು ಶರಣಾದ ಚೀನೀ ಸಿಪಾಯಿಗಳು, ಹುಲ್ಲುಗಾವಲಿನಿಂದ ಇಡೀ ಪಾಳೆಯದ ಸಮೇತ ಬಂದ ಮಂಗೋಲರು, ಕಾಡಿನ ಕಡೆಯಿಂದ ಬಂದ ನಮ್ಮದೇ ನೆಂಟರು. ಹಳೆಯ ಖಾನರ ಕಾಲದಲ್ಲಿ ಒಂದೇ ಮನೆಯಲ್ಲಿ ನಮ್ಮವರನ್ನೂ ಚೀನೀಯರನ್ನೂ ಕೂಡಿಹಾಕಿದ್ದರು, ಒಬ್ಬರು ಬಾವಿಗೆ ವಿಷ ಹಾಕಿಯಾರೆಂದು ಇನ್ನೊಬ್ಬರು ಹೆದರುತ್ತಾ ಬದುಕಿದ್ದರು. ಹೊಸ ಖಾನರು ಅವರನ್ನು ಬೇರೆ ಬೇರೆ ಇಟ್ಟರು, ಅವರವರ ಮೇಲೆ ಅವರವರದೇ ಅಧಿಕಾರಿಗಳನ್ನು ಕೂರಿಸಿದರು, ಡಂಗುರವನ್ನು ಮೂರು ಮಾತಿನಲ್ಲೂ ಸಾರಿಸಿದರು. ಹಾಗಾಗಿ ದುಭಾಷಿಗಳಿಗೆ ಕೈತುಂಬ ಕೆಲಸ.

ಅತ್ತೆಯ ಹೆಸರು ಹಬ್ಬಿದ್ದು ಕುದುರೆ ಸಂತೆಯಲ್ಲಿ. ಒಬ್ಬ ಚೀನೀ ಬಟ್ಟೆ ವ್ಯಾಪಾರಿ ಮಂಗೋಲನ ಕುದುರೆಯ ಹಲ್ಲು ನೋಡಿ, "ಇದಕ್ಕೆ ನಮ್ಮಜ್ಜಿಯಷ್ಟು ವಯಸ್ಸಾಗಿದೆ" ಎಂದ. ಅತ್ತೆ ಅದನ್ನು ಹಾಗೆಯೇ ಮಂಗೋಲನಿಗೆ ಹೇಳಿದಳು. ಅವನು, "ಹಂಗಾದ್ರೆ ನಿಮ್ಮಜ್ಜಿ ಬೆನ್ನ ಮೇಲೇ ಬಟ್ಟೆ ಹೇರ್ಕೊಂಡು ಹೋಗು" ಎಂದ. ಅದನ್ನೂ ಹಾಗೆಯೇ ಹೇಳಿದಳು. ಇಬ್ಬರೂ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ವ್ಯಾಪಾರ ಕುದುರಿತು.

"ಅಕ್ಕಾ, ಸ್ವಲ್ಪ ಮೆತ್ತಗೆ ಮಾಡಿ ಹೇಳಬಾರದಾ? ಇನ್ನೇನು ಚಾಕು ತೆಗೀತಿದ್ರು" ಎಂದನಂತೆ ಪಕ್ಕದವನು.

"ಮೆತ್ತಗೆ ಬೇಕಿದ್ರೆ ಅವರೇ ಮೆತ್ತಗೆ ಮಾತಾಡ್ಲಿ. ಮಾತು ಅವರದ್ದು. ಬಾಯಿ ಮಾತ್ರ ನಂದು."

ಆಮೇಲೆ ನ್ಯಾಯದ ಕಚೇರಿಯವರೂ ಅವಳನ್ನು ಕರೆಯತೊಡಗಿದರು. ಹೆಂಗಸರ ದೂರು ಬಂದಾಗ ಗಂಡಸು ದುಭಾಷಿಗಳ ಮುಂದೆ ಅವರು ಬಾಯಿ ಬಿಡುತ್ತಿರಲಿಲ್ಲ. ಅಲ್ಲಿದ್ದ ಅಧಿಕಾರಿ ಈಸಮು ಎಂಬ ಮುದುಕ, ಒಂದು ಕಿವಿ ಮಂದ. "ನೀನು ಅವಳು ಹಾಗಂದ್ಲು, ಹೀಗಂದ್ಲು ಅಂತ ಸುತ್ತಿ ಬಳಸಿ ಹೇಳ್ಬೇಡ. ಅವಳ ಥರಾನೇ 'ನಾನು' ಅಂತ ಹೇಳು. ನನಗೆ ತಲೆ ಕೆಡಲ್ಲ" ಎಂದು ಮೊದಲ ದಿನವೇ ಹೇಳಿದ್ದ. ಅತ್ತೆ ಹಾಗೆಯೇ ಮಾಡಿದಳು. ಒಂದು ಬೆಳಿಗ್ಗೆ ಹಂದಿ ಕಳೆದುಕೊಂಡವಳಾಗಿ, ಮಧ್ಯಾಹ್ನ ಹಂದಿ ಕದ್ದವಳಾಗಿ ಮಾತಾಡಿ, ಸಂಜೆ ಮನೆಗೆ ಬಂದು ಸುಮ್ಮನೆ ಕೂತು ತಂಬಾಕು ಸೇದುತ್ತಿದ್ದಳು.

ಆ ದಿನಗಳಲ್ಲೇ ಖಾನರ ಹೊಸ ಕಟ್ಟಳೆ ಬಂತು. ಯಜಮಾನನು ಆಳಿನ ಮೇಲೆ ಇಂಥಿಂಥ ಅನ್ಯಾಯ ಮಾಡಿದರೆ ಆಳು ಕಚೇರಿಗೆ ಬಂದು ದೂರಬಹುದು, ದೂರು ನಿಜವಾದರೆ ಆ ಮನೆ ಬಿಟ್ಟು ಹೋಗಬಹುದು. ಯುದ್ಧದಲ್ಲಿ ಆಳು ಮಾಡಿದ ಸಾಹಸವನ್ನು ಮುಚ್ಚಿಡುವುದೂ ಆ ಅನ್ಯಾಯಗಳಲ್ಲಿ ಒಂದು. ಡಂಗುರ ಕೇಳಿ ನಮ್ಮ ಅಪ್ಪ ನಕ್ಕಿದ್ದನಂತೆ. "ನಮ್ಮನೆ ಆಳುಗಳಿಗೆ ದೂರೋಕೆ ಏನಿದೆ? ಹೊಟ್ಟೆ ಬಿರಿಯೋಷ್ಟು ಊಟ ಹಾಕ್ತೀವಿ."

ಅಪ್ಪ ಆಗ ತಾನೇ ದಕ್ಷಿಣದ ದಂಡಿನಿಂದ ಹಿಂದಿರುಗಿ ದೊಡ್ಡ ಮನುಷ್ಯನಾಗಿದ್ದ. ಒಂದು ಕೋಟೆಯ ಗೋಡೆಯನ್ನು ಎಲ್ಲರಿಗಿಂತ ಮೊದಲು ಹತ್ತಿದವನೆಂದು ಅವನಿಗೆ ಎರಡು ಕುದುರೆ, ರೇಷ್ಮೆ ಅಂಗಿ, ಒಂದು ಪದವಿ ಸಿಕ್ಕಿತ್ತು. ಮನೆಯಲ್ಲಿ ಹಂದಿ ಕಡಿದು ಊರಿಗೆಲ್ಲ ಊಟ ಹಾಕಿದ್ದರು. ಅವನ ಜೊತೆ ಹೋಗಿದ್ದ ಚಿಲಾಗು ಮಾತ್ರ ಬರಲಿಲ್ಲ. "ದಾರೀಲಿ ಜ್ವರ ಬಂತು, ಎರಡೇ ದಿನ" ಎಂದಿದ್ದ ಅಪ್ಪ, ಒಲ್ಜೈಯ ಮುಖ ನೋಡದೆ. ಅವಳ ಹಾಡು ಅಂದೇ ನಿಂತಿತು.

ಮರುವರ್ಷ ಬೇಸಿಗೆಯಲ್ಲಿ ಅದೇ ದಂಡಿಗೆ ಹೋಗಿದ್ದ ಒಬ್ಬ ಮಂಗೋಲ್ ಸವಾರ ಹಟ್ಟಿಗೆ ಮೊಸರು ಕೇಳಿಕೊಂಡು ಬಂದ. ಒಲ್ಜೈ ಯಾರೆಂದು ಗೊತ್ತಾದ ಮೇಲೆ ಟೋಪಿ ತೆಗೆದು ನಿಂತ.

"ತಾಯಿ, ನಿನ್ನ ಗಂಡನ್ನ ನಾನು ಮರೆಯಲ್ಲ. ಏಣಿ ಮೇಲೆ ಮೊದಲು ಹೋದವನು ಅವನೇ. ಗೋಡೆ ಮೇಲೆ ಕಾಲಿಟ್ಟ, ಬಾವುಟ ಊರಿದ, ಗಂಟಲಿಗೆ ಬಾಣ ಬಿತ್ತು."

"ಜ್ವರ ಅಂದ್ರಲ್ಲ?" ಎಂದಳು ಒಲ್ಜೈ.

"ಜ್ವರಾನಾ? ಅವನ ಹಿಂದಿನ ಮೆಟ್ಟಿಲಲ್ಲಿ ನಿಮ್ಮ ಯಜಮಾನ ಇದ್ದ. ಅವನ ಹಿಂದೆ ನಾನು."

ಒಲ್ಜೈ ಹಾಲಿನ ಕೊಡ ಕೆಳಗಿಟ್ಟು ನೇರ ಅಪ್ಪನ ಬಳಿ ಹೋದಳು. ಅಪ್ಪ ಮೊದಲು ಬೈದ. ಆಮೇಲೆ ದನಿ ಇಳಿಸಿ, "ಸತ್ತವನಿಗೆ ಕುದುರೆ ಯಾಕೆ? ನಿನ್ನ ಮಗಳ ಮದುವೆ ನಾನೇ ಮಾಡ್ತೀನಿ, ಬಾಯಿ ಮುಚ್ಕೊಂಡಿರು" ಎಂದ. ಮೊದಲು ಹತ್ತಿದವನು ಆಳಾಗಿದ್ದರೆ ಅವನ ಮನೆಮಂದಿಗೆಲ್ಲ ಬಿಡುಗಡೆ ಸಿಗುತ್ತದೆಂದು ಅವಳಿಗೂ ಗೊತ್ತಿತ್ತು. ಮೂರನೆಯ ದಿನ ಅವಳು ಕಚೇರಿಯ ಬಾಗಿಲಲ್ಲಿ ಕೂತಿದ್ದಳು.

ಅತ್ತೆಗೆ ಇದ್ಯಾವುದೂ ತಿಳಿದಿರಲಿಲ್ಲ. ಮಂಗೋಲ್ ಹೆಂಗಸೊಬ್ಬಳ ದೂರಿದೆ, ಬಾ ಎಂದು ಕಚೇರಿಯವನು ಕರೆದ, ಅವಳು ಹೋದಳು. ಒಳಗೆ ಕಾಲಿಟ್ಟರೆ ಒಂದು ಕಡೆ ಒಲ್ಜೈ, ಇನ್ನೊಂದು ಕಡೆ ಅಣ್ಣ.

"ಒಡೆಯಾ, ಈ ಕೆಲಸ ನನ್ನಿಂದ ಆಗಲ್ಲ. ಇವನು ನನ್ನ ಅಣ್ಣ" ಎಂದಳು.

"ನನಗೂ ಗೊತ್ತು" ಎಂದ ಈಸಮು. "ಮಂಗೋಲ್ ಬಲ್ಲ ಇಬ್ಬರೂ ದಂಡಿನ ಜೊತೆ ಹೋಗಿದ್ದಾರೆ. ಬೇಡ ಅಂದ್ರೆ ಇವಳು ಅವರು ಬರೋವರೆಗೆ ಕಾಯಬೇಕು. ಅಲ್ಲಿವರೆಗೆ ಅದೇ ಮನೇಲಿ ಇರಬೇಕು. ನೀನೇ ಕೇಳು ಅವಳನ್ನ."

ಅತ್ತೆ ಕೇಳಿದಳು. ಒಲ್ಜೈ ತಲೆಯೆತ್ತಿ, "ಇವಳೇ ಹೇಳ್ಲಿ. ಇವಳ ಬಾಯಿಗೆ ಈ ಮಾತು ಹಾಕಿದವಳು ನಾನು. ಕೆಡಿಸಿದ್ರೆ ನನಗೆ ಗೊತ್ತಾಗುತ್ತೆ" ಎಂದಳು. ಅಪ್ಪನೂ ತಕ್ಷಣ, "ನನಗೂ ಅವಳೇ ಆಗ್ಬಹುದು" ಎಂದ. ಅವನ ಮುಖದಲ್ಲಿ ಗೆಲುವಿತ್ತು ಎಂದು ಅತ್ತೆ ಮುಂದೊಮ್ಮೆ ನನಗೆ ಹೇಳಿದಳು. ಅದನ್ನು ನೋಡಿಯೇ ಅವನು ತನ್ನಿಂದ ಏನು ಬಯಸುತ್ತಿದ್ದಾನೆಂದು ಅವಳಿಗೆ ತಿಳಿಯಿತಂತೆ.

ವಿಚಾರಣೆ ಊಟದ ನಂತರ ಎಂದಾಯಿತು. ಅಪ್ಪ ಅವಳನ್ನು ಕುದುರೆ ಲಾಯದ ಗೋಡೆಯ ಹಿಂದಕ್ಕೆ ಕರೆದೊಯ್ದ.

"ನೋಡು ನಿಮಾಹಾ, ಸುಳ್ಳೇನೂ ಹೇಳ್ಬೇಡ. ಒಂದೇ ಒಂದು ಮಾತು. ಅವಳು 'ಮೊದಲು' ಅಂತಾಳಲ್ಲ, ನೀನು 'ಜೊತೆಗೆ' ಅನ್ನು. ಜೊತೆಗೆ ಹತ್ತಿದ್ರು. ಅಷ್ಟೇ. ಅದರಿಂದ ಯಾರಿಗೂ ನಷ್ಟ ಇಲ್ಲ."

"ಅವನು ಮೊದಲು ಹತ್ತಿದ್ನಾ ಅಣ್ಣ?"

ಅಪ್ಪ ನೆಲ ನೋಡಿದ. "ನಾನು ಒಂದೇ ಮೆಟ್ಟಿಲು ಹಿಂದೆ. ಅವನು ನನ್ನ ಮೇಲೇ ಬಿದ್ದ. ಹೆಗಲ ಮೇಲೆ ಹಾಕ್ಕೊಂಡು ಇಳಿಸಿದವನು ನಾನೇ. ಮೇಲೆ ಯಾರು ಮೊದಲು ಅಂತ ಕೆಳಗಿಂದ ಕೂಗಿದ್ರು. ಅವನು ಊರಿದ್ದ ಬಾವುಟ ಆಗ ನನ್ನ ಕೈಲಿತ್ತು. ನಾನು ಅಂದುಬಿಟ್ಟೆ. ಒಂದ್ಸಲ ಅಂದಮೇಲೆ ವಾಪಸ್ ತಗೊಳ್ಳೋದು ಹೆಂಗೆ ಹೇಳು?"

"ನನಗೆ ಗೊತ್ತಿಲ್ಲ."

"ನಿನ್ನ ನೀರಿಂದ ಎತ್ತಿದವರು ನಾವು" ಎಂದ ಅಪ್ಪ. ಆ ಮಾತು ಆಡಬಾರದಿತ್ತೆಂದು ಅವನಿಗೆ ಅಲ್ಲೇ ಅನ್ನಿಸಿತೋ ಏನೋ, ಮುಖ ಆಚೆ ತಿರುಗಿಸಿದ. ಆ ನೀರಿಗೆ ತಾನು ಯಾರಿಗೆ ಹೆದರಿ ಇಳಿದಿದ್ದೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

ಊಟ ಮುಗಿದು ಕಚೇರಿ ಕೂತಾಗ ಒಲ್ಜೈ ಮಾತಾಡಿದಳು. ಅತ್ತೆ ಅವಳ ಹಿಂದೆಯೇ, ಮಂಚು ಮಾತಿನಲ್ಲಿ, "ನನ್ನ ಗಂಡ ಮೊದಲು ಹತ್ತಿದ. ಅವನ ಹೆಸರನ್ನ ಇವರು ತಿಂದ್ರು" ಎಂದಳು. ಒಲ್ಜೈ ನಮ್ಮ ಮನೆತನಕ್ಕೆ ಶಾಪ ಹಾಕಿದಳು. ಅತ್ತೆ ಅದನ್ನೂ ಬಿಡದೆ ಹೇಳಿದಳು, "ಈ ಮನೆ ಒಲೆ ಆರಿಹೋಗ್ಲಿ, ನಿಮಾಹಾ ಎಂಬವಳನ್ನೂ ಸೇರಿಸಿ." ಕಚೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಕಚೇರಿಯ ಕಟ್ಟಳೆಯಂತೆ ಅವಳು ಅಪ್ಪನ ಉತ್ತರವನ್ನು ಮಂಗೋಲ್ ಮಾತಿಗೆ ತಿರುಗಿಸಬೇಕಾಯಿತು. "ನಾನೇ ಮೊದಲು ಹತ್ತಿದ್ದು" ಎಂದು ಅಪ್ಪ ಹೇಳಿದ್ದನ್ನು ಒಲ್ಜೈಯ ಕಣ್ಣಿನಲ್ಲಿ ಕಣ್ಣಿಟ್ಟು ಹಾಗೆಯೇ ಹೇಳಿದಳು. ಆಗ ಒಲ್ಜೈ ಅತ್ತಳು. ಕೊನೆಗೆ ಆ ಸವಾರ ಬಂದು ಸಾಕ್ಷಿ ನುಡಿದ. ಅವನ ಮಾತನ್ನೂ ಅತ್ತೆಯೇ ಹೇಳಿದಳು, 'ಮೊದಲು' ಎಂಬ ಜಾಗದಲ್ಲಿ 'ಮೊದಲು' ಎಂದೇ. ನದಂಜು ಹೆಣವನ್ನು ಬಿಟ್ಟುಬರದೆ ಹೆಗಲ ಮೇಲೆ ಹೊತ್ತು ಇಳಿಸಿದ ಎಂದೂ ಸವಾರ ಹೇಳಿದ. ಅದನ್ನು ಹೇಳುವಾಗ ಮಾತ್ರ ಅತ್ತೆಯ ದನಿ ಸ್ವಲ್ಪ ಏರಿತಂತೆ.

ಪದವಿ ಹೋಯಿತು. ಕುದುರೆಗಳೂ ಅಂಗಿಯೂ ಒಲ್ಜೈಗೆ ಸೇರಿದವು. ಅವಳೂ ಅವಳ ಮಗಳೂ ನಮ್ಮ ಮನೆಯ ಹಂಗಿನಿಂದ ಬಿಡುಗಡೆಯಾಗಿ ಮಂಗೋಲರ ಪಡೆಯ ಬಿಡಾರಕ್ಕೆ ಹೋದರು. ಅಪ್ಪನಿಗೆ ಐವತ್ತು ಚಾಟಿ ಏಟು. ನಾನು ಆಗ ಅಮ್ಮನ ಹೊಟ್ಟೆಯಲ್ಲಿದ್ದೆ. ಅಮ್ಮ ಅತ್ತೆಯನ್ನು ಕಂಡು, "ನಿನಗೆ ಇಕ್ಕಿದ ಅನ್ನ ನಾಯಿಗೆ ಇಕ್ಕಿದ್ರೂ ಬಾಲ ಆಡಿಸ್ತಿತ್ತು" ಎಂದಳು. ಅತ್ತೆ ಬಟ್ಟೆ ಗಂಟು ಕಟ್ಟಿದಳು. ಅಜ್ಜಿ ಬಾಗಿಲಿಗೆ ಅಡ್ಡ ಕೂತಳು.

"ಎಲ್ಲಿಗೆ ಹೊರಟೆ?"

"ಎಲ್ಲಾದ್ರೂ, ಅಮ್ಮ."

"ನನಗೆ ಇಬ್ಬರು ಮಕ್ಕಳು. ಒಬ್ಬ ಸುಳ್ಳು ಹೇಳಿದ, ಒಬ್ಬಳು ನಿಜ ಹೇಳಿದ್ಲು. ಸುಳ್ಳು ಹೇಳಿದವನೇ ಬೆನ್ನಿಗೆ ಕೊಬ್ಬು ಹಚ್ಚಿಸಿಕೊಂಡು ಒಳಗೆ ಮಲಗಿದಾನೆ, ನೀನ್ಯಾಕೆ ಹೋಗ್ತೀಯ? ಗಂಟು ಬಿಚ್ಚು."

ಅತ್ತೆ ಗಂಟು ಬಿಚ್ಚಿದಳು. ಆದರೆ ಅಂಗಳದಾಚೆಯ ಸಣ್ಣ ಮನೆಯಲ್ಲಿ ಬಿಚ್ಚಿದಳು. ಅಪ್ಪ ಅವಳೊಡನೆ ಮಾತು ಬಿಟ್ಟ. ಎಂಟು ವರ್ಷ. ಅವರಿಬ್ಬರೂ ಮಾತಾಡದ ಮನೆಯಲ್ಲೇ ನಾನು ಕಣ್ಣು ಬಿಟ್ಟದ್ದು. ಅಪ್ಪ ಏನಾದರೂ ಹೇಳಬೇಕಿದ್ದರೆ ನನ್ನ ಕಡೆ ತಿರುಗಿ, "ಸೌದೆ ನೆನೀತಾ ಇದೆ ಅಂತ ಹೇಳು" ಎನ್ನುವನು. ಅತ್ತೆ ಮೂರಡಿ ದೂರದಲ್ಲೇ ನಿಂತಿರುವಳು. ಮೂರು ಭಾಷೆ ಬಲ್ಲವಳಿಗೆ ನಾನು ದುಭಾಷಿ.

ಕಚೇರಿಗೆ ಅವಳು ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಲ್ಜೈ ಅವಳಿಗೆ ಕೃತಜ್ಞತೆ ಹೇಳಲು ಬರಲೂ ಇಲ್ಲ. ಪೇಟೆಯಲ್ಲಿ ಎದುರಾದರೆ ಇಬ್ಬರೂ ಹಸುಗಳ ಆರೋಗ್ಯ ವಿಚಾರಿಸಿ ಮುಂದೆ ಹೋಗುವರು. ಆ ವರ್ಷಗಳ ನಡುವೆ ಖಾನರು ನಾವು ಇನ್ನು ಜುರ್ಚೆನರಲ್ಲ, ಮಂಚುಗಳು ಎಂದು ಸಾರಿದರು. ಅಜ್ಜಿ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಾ, "ನಿನ್ನೆವರೆಗೆ ಜುರ್ಚೆನ್ ಆಗಿದ್ದೆ, ಇವತ್ತು ಮಂಚು. ಮೊಣಕಾಲು ನೋವು ಮಾತ್ರ ಹೆಸರು ಬದಲಾಯಿಸ್ಲಿಲ್ಲ" ಎಂದಳು. ಮರುವರ್ಷ ಖಾನರು ಚಕ್ರವರ್ತಿಯಾದರು, ರಾಜ್ಯಕ್ಕೂ ಹೊಸ ಹೆಸರು ಬಂತು. ಅಪ್ಪ ಇನ್ನೂ ಸಾಮಾನ್ಯ ಸವಾರನೇ. ಒಂದು ದಂಡಿನಲ್ಲಿ ಅವನ ಎಡಗಾಲು ಊನವಾಯಿತು.

ನನ್ನ ಅಕ್ಕ ಸುವಾನಳಿಗೆ ಹದಿನಾರಾದಾಗ ಒಂದು ಸಂಬಂಧ ಕುದುರುವ ಹಾಗೆ ಕಂಡಿತು. ಹುಡುಗನ ಕಡೆಯವರು ಚೀನೀಯರು. ತಂದೆ ಗೆಂಗ್ ಶೌಯಿ ಫಿರಂಗಿ ಹೊಡೆಯುವವನು, ಡಾಲಿಂಗ್ ಕೋಟೆ ಶರಣಾದಾಗ ನಮ್ಮ ಕಡೆಗೆ ಬಂದವನು. ಚಕ್ರವರ್ತಿಗಳಿಗೆ ಇಂಥ ಮದುವೆಗಳೆಂದರೆ ಇಷ್ಟ. ಹುಡುಗನಿಗೆ ನಮ್ಮ ಮಾತು ಬರುತ್ತಿತ್ತು, ತಂದೆಗೆ ಇಲ್ಲ. ಮಾತುಕತೆಗೆ ದುಭಾಷಿ ಬೇಕು. ಹೊರಗಿನವರನ್ನು ಕರೆದರೆ ಮನೆಯ ಮಾತು ಬೀದಿಗೆ ಹೋಗುತ್ತದೆ. ಅಪ್ಪ ಎರಡು ದಿನ ಅಂಗಳದಲ್ಲಿ ಕುಂಟುತ್ತಾ ಅತ್ತಿಂದಿತ್ತ ಓಡಾಡಿದ. ಕೊನೆಗೆ ಅವಳ ಬಾಗಿಲಲ್ಲಿ ನಿಂತು, ನನ್ನ ಕಡೆಯೂ ತಿರುಗದೆ, "ನಾಳೆ ಬೀಗರು ಬರ್ತಾರೆ" ಎಂದ.

ಅತ್ತೆ ಒಳಗಿನಿಂದಲೇ, "ನಾನು ಹೇಗೆ ಹೇಳ್ತೀನಿ ಅಂತ ಗೊತ್ತಲ್ಲ?" ಎಂದಳು.

"ಗೊತ್ತು."

ಮರುದಿನ ಬೀಗರು ಬಂದು ದಕ್ಷಿಣದ ಜಗಲಿಯ ಮೇಲೆ ಕೂತರು. ಬೇಯಿಸಿದ ಹಂದಿ ಮಾಂಸ, ಅಂಟು ನವಣೆಯ ಕಡುಬು, ಮದ್ಯ ಎಲ್ಲವೂ ಬಂತು. ಗೆಂಗ್ ಸಣ್ಣ ಆಳು, ಫಿರಂಗಿಯ ಸದ್ದಿಗೆ ಕಿವುಡಾದವನಂತೆ ಜೋರಾಗಿ ಮಾತಾಡುವವನು. ಹುಡುಗಿಯ ವಯಸ್ಸು, ಕುದುರೆ ಸವಾರಿ ಎಲ್ಲ ಕೇಳಿದ ಮೇಲೆ ಬಟ್ಟಲು ಕೆಳಗಿಟ್ಟ. ಏನೋ ಕೇಳಿದ. ಅತ್ತೆ ತನ್ನ ಬಟ್ಟಲನ್ನೂ ಕೆಳಗಿಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದಳು:

"ನಿಮ್ಮ ಮನೆ ಮೇಲೆ ಹಿಂದೆ ಒಂದು ನ್ಯಾಯ ನಡೀತಂತೆ. ಜನ ಏನೇನೋ ಹೇಳ್ತಾರೆ. ಬೀಗನಾಗೋನು ನಾನು, ನಿಮ್ಮ ಬಾಯಿಂದಲೇ ಕೇಳ್ಬೇಕು."

ಅಮ್ಮ ಒಲೆಯ ಬಳಿ ಬೆರಳು ಕಚ್ಚಿದಳು. ಅಕ್ಕ ಪರದೆಯ ಹಿಂದೆ ನನ್ನ ಕೈಯನ್ನು ನೋಯುವಂತೆ ಹಿಡಿದಳು. ಅಪ್ಪ ಊನವಾದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಮಾಡಿಕೊಂಡು ಕೂತ.

"ಹೇಳು" ಎಂದ ಅತ್ತೆಗೆ. ಎಂಟು ವರ್ಷದ ನಂತರ ಅವಳ ಮುಖ ನೋಡಿ ಆಡಿದ ಮೊದಲ ಮಾತು. "ಸತ್ತವನ ಹೆಸರು ನಾನು ಕದ್ದೆ. ಗೋಡೆ ಹತ್ತಿದವನು ನನ್ನ ಆಳು ಚಿಲಾಗು. ಅವನ ಹೆಂಡತಿಗೆ ಜ್ವರ ಅಂತ ಸುಳ್ಳು ಹೇಳಿದೆ. ನನ್ನ ತಂಗಿ ನಿಜ ಹೇಳಿದ್ಲು. ಅದಕ್ಕೆ ಅವಳ ಜೊತೆ ಎಂಟು ವರ್ಷ ಮಾತು ಬಿಟ್ಟೆ. ಎಲ್ಲಾನೂ ಹೇಳು, ಯಾವಾಗಲೂ ಹೇಳೋ ಹಾಗೆ."

ಅತ್ತೆ ಗೆಂಗ್‌ನ ಕಡೆ ತಿರುಗಿ ಆರಂಭಿಸಿದಳು. ನನಗೆ ಚೀನೀ ಮಾತು ಬರುತ್ತಿರಲಿಲ್ಲ, ಆದರೂ ಅವಳು ಎಲ್ಲಿ ತಡವರಿಸಿದಳೆಂದು ತಿಳಿಯಿತು. ನಡುವೆ ನಿಂತಳು. ಮೂಗು ಒರೆಸಿಕೊಂಡಳು. ಮತ್ತೆ ಹಿಂದಿನ ಮಾತಿನಿಂದ ಹಿಡಿದು ಹೇಳಿ ಮುಗಿಸಿದಳು.

ಗೆಂಗ್ ಬಟ್ಟಲನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಆಮೇಲೆ ಅವನ ಜೋರು ದನಿ ಮೊದಲ ಬಾರಿಗೆ ತಗ್ಗಿತು. ಅತ್ತೆ ಅದನ್ನೂ ಅಷ್ಟೇ ತಗ್ಗಿದ ದನಿಯಲ್ಲಿ ಹೇಳಿದಳು:

"ನಿಮ್ಮವರು ಮುತ್ತಿಗೆ ಹಾಕಿದಾಗ ನಾವು ಮೂರು ತಿಂಗಳು ಕೋಟೆಯೊಳಗೆ ಇದ್ವಿ. ಮೊದಲು ಕುದುರೆ ಮುಗೀತು. ಆಮೇಲೆ ಏನು ತಿಂದು ಬದುಕಿ ಹೊರಗೆ ಬಂದ್ವಿ ಅಂತ ನೀವು ಕೇಳ್ಬೇಡಿ. ನಾನೂ ಇನ್ನು ಕೇಳಲ್ಲ."

ಅಪ್ಪ ಮದ್ಯದ ಗಿಂಡಿ ಎತ್ತಿ ಅವನ ಬಟ್ಟಲಿಗೆ ಸುರಿದ. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಜಗಲಿಗೆ ಚೆಲ್ಲಿತು. ಗೆಂಗ್ ಏನೋ ಅಂದ, ಅತ್ತೆಗೆ ನಗು ಬಂತು.

"ಏನಂತೆ?" ಎಂದ ಅಪ್ಪ.

"ಫಿರಂಗಿಗೆ ಮದ್ದು ತುಂಬೋಕೆ ನಿಮ್ಮನ್ನ ಮಾತ್ರ ಕರೆಯಲ್ವಂತೆ."

ಮದುವೆ ಆ ಚಳಿಗಾಲದಲ್ಲೇ ಆಯಿತು. ಮದುವೆಯ ಮಾರನೆಯ ದಿನ ಅಪ್ಪ ಅತ್ತೆಯ ಪಾತ್ರೆ ಹಾಸಿಗೆಗಳನ್ನೆಲ್ಲ ತಾನೇ ಹೊತ್ತು ದೊಡ್ಡ ಮನೆಗೆ ತಂದ. ಅಮ್ಮ ಜಗಲಿಯಲ್ಲಿ ಜಾಗ ಮಾಡಿಕೊಟ್ಟಳು.

ರಾಜಧಾನಿ ದಕ್ಷಿಣಕ್ಕೆ ಹೋದಾಗ ಊರು ಅರ್ಧ ಖಾಲಿಯಾಯಿತು. ಕಚೇರಿಯವರು ಅತ್ತೆಯನ್ನೂ ಕರೆದರು. ಅವಳು ಹೋಗಲಿಲ್ಲ. ಅಣ್ಣನ ಕಾಲು ಅಷ್ಟು ದೂರ ಗಾಡಿಯಲ್ಲಿ ತಡೆಯುವುದಿಲ್ಲ ಎಂದಳು. ಅವನೋ, ತಂಗಿಗೆ ಅಲ್ಲಿಯ ಸೆಕೆ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಅರವತ್ತರ ಹತ್ತಿರ ಅವಳಿಗೆ ಒಮ್ಮೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಮಾತು ಉಳಿಯಿತು, ಆದರೆ ಉಳಿದದ್ದು ಒಂದೇ, ಒಂಬತ್ತು ವರ್ಷದವರೆಗೆ ಆಡಿದ ಚೀನೀ ಮಾತು. ಐವತ್ತು ವರ್ಷ ಆಡಿದ ಮಂಚು ಒಂದಕ್ಷರವೂ ಬಾರದು. ನಾವು ಹೇಳಿದ್ದು ಅವಳಿಗೆ ಅರ್ಥವಾಗುವುದೋ ಇಲ್ಲವೋ ತಿಳಿಯದು. ಅಪ್ಪ ದಿನವಿಡೀ ಅವಳ ತಲೆದಿಂಬಿನ ಬಳಿ ಕೂತು, ಅವಳು ಗೊಣಗಿದ್ದಕ್ಕೆಲ್ಲ "ಹೂಂ, ಹೂಂ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವಳು ಅವನ ತೋಳು ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದಳು. ಅಪ್ಪನಿಗೆ ಗಾಬರಿ. ಕೊನೆಯ ಮಾತೋ, ಯಾರನ್ನು ಕ್ಷಮಿಸುತ್ತಿದ್ದಾಳೋ, ಯಾರನ್ನು ಶಪಿಸುತ್ತಿದ್ದಾಳೋ ಎಂದು ಗೆಂಗ್ ಮನೆಗೆ ಗಾಡಿ ಕಳಿಸಿ ಅಕ್ಕನನ್ನು ಕರೆಸಿದ. ಅಷ್ಟು ವರ್ಷ ಆ ಮನೆಯಲ್ಲಿ ಬಾಳಿ ಅಕ್ಕನಿಗೆ ಆ ಮಾತು ಚೆನ್ನಾಗಿ ಬರುತ್ತಿತ್ತು. ಅವಳು ಬಗ್ಗಿ ಅತ್ತೆಯ ಬಾಯಿಗೆ ಕಿವಿ ಕೊಟ್ಟಳು.

"ಏನಂತಾಳೆ? ಇದ್ದದ್ದನ್ನ ಇದ್ದ ಹಾಗೆ ಹೇಳು" ಎಂದ ಅಪ್ಪ.

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಜಗಲಿ ಕೆಳಗಿನ ಬೆಂಕಿ ಆರಿದೆ, ಚಳಿ ಆಗ್ತಿದೆ. ಈ ಮುದುಕ ಬರೀ ಹೂಂ ಅಂತಾನೆ, ಎದ್ದು ಸೌದೆ ಹಾಕಲ್ಲ."

ಅಪ್ಪ ಕೋಲು ಹುಡುಕಿಕೊಂಡು ಎದ್ದು, ಸೌದೆ ತರಲು ಹೋದ.